ಕೈಗೆ ಬಾಗುವ ಕೋಲು

ಫ್ಲೈ ಗಾಳಕ್ಕೆಂದು, ಅಂದರೆ ಹುಸಿ ಹುಳ ಕಟ್ಟಿದ ದಾರವನ್ನು ಬೀಸಿ ಮೀನು ಹಿಡಿಯುವುದಕ್ಕೆಂದು, ಮೊದಲ ಕೋಲು ಕೊಂಡಾಗ ನಾನು ನೋಡಿದ್ದು ಗಟ್ಟಿತನವನ್ನು ಮಾತ್ರ. ಒಂಬತ್ತು ಅಡಿ ಉದ್ದ, 8ನೇ ನಂಬರು, ತುದಿಯಲ್ಲಷ್ಟೇ ಬಾಗುವ ಬಿರುಸಾದ ಗ್ರಾಫೈಟ್ ಕೋಲು. ತುಂಗಭದ್ರೆಯ ದೊಡ್ಡ ಮೀನಿಗೆ ಇದೇ ತಕ್ಕದ್ದು ಎಂದುಕೊಂಡಿದ್ದೆ. ಧಾರವಾಡದ ಮೈದಾನವೊಂದರಲ್ಲಿ, ಕೊಕ್ಕೆಯ ಬದಲು ಕೆಂಪು ಉಣ್ಣೆಯ ಎಳೆ ಕಟ್ಟಿ, ಎರಡು ತಿಂಗಳು ಬೆಳಗಿನ ಹೊತ್ತು ಬೀಸಿದೆ. ಭುಜ ನೋಯುತ್ತಿತ್ತು. ದಾರ ಮಾತ್ರ ಕಣ್ಣೆದುರೇ ಗುಪ್ಪೆಯಾಗಿ ಬೀಳುತ್ತಿತ್ತು.

ಊರಿನಿಂದ ಬಂದಿದ್ದ ಸೋದರಮಾವ ಒಂದು ದಿನ ನಿಂತು ನೋಡಿದರು. ಎತ್ತು ಹೂಡಿ ಬೇಸಾಯ ಮಾಡಿದವರು. "ಕೋಲು ಬಾಗುತ್ತಲೇ ಇಲ್ಲವಲ್ಲೋ, ನೀನೊಬ್ಬನೇ ದುಡಿಯುತ್ತಿದ್ದೀಯ" ಎಂದರು.

ಅವರು ಹೇಳಿದ್ದೇ ಸರಿಯಾಗಿತ್ತು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಗರಿ ಸುತ್ತಿದ ಹುಸಿ ಹುಳಕ್ಕೆ ತೂಕವೇ ಇಲ್ಲ. ದಾರದ ಭಾರ ಕೋಲನ್ನು ಬಾಗಿಸಬೇಕು, ಕೋಲು ನೆಟ್ಟಗಾಗುತ್ತ ದಾರವನ್ನು ಎಸೆಯಬೇಕು. ಕೋಲಿನ ನಂಬರು ಹೇಳುವುದು ಅದಕ್ಕೆ ಹೊಂದುವ ದಾರದ ಮೊದಲ 30 ಅಡಿಯ ತೂಕವನ್ನು: 8ಕ್ಕೆ 210 ಗ್ರೇನ್, ಅಂದರೆ ಸುಮಾರು 13.6 ಗ್ರಾಂ, 6ಕ್ಕೆ 160 ಗ್ರೇನ್, ಸುಮಾರು 10.4 ಗ್ರಾಂ. ನಾನು ಹೊರಬಿಡುತ್ತಿದ್ದುದು ಇಪ್ಪತ್ತೇ ಅಡಿ. ಕೋಲಿಗೆ ಬೇಕಾದ ಭಾರದಲ್ಲಿ ಹೆಚ್ಚೆಂದರೆ ಮೂರನೇ ಎರಡು ಪಾಲು ಸಿಗುತ್ತಿತ್ತು.

ಆಮೇಲೆ ವರದಾ ನದಿಯ ದಂಡೆಯಲ್ಲೂ ಕೆರೆಗಳಲ್ಲೂ (ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕುತ್ತೇನೆ) ಮೀನು ಕಚ್ಚಿದ ದೂರವನ್ನು ಬರೆದಿಟ್ಟೆ. ಜಿಲೇಬಿ ಮೀನು ಬಹುತೇಕ ಎಂಟು ಹತ್ತು ಮೀಟರಿನೊಳಗೇ ಸಿಗುತ್ತಿತ್ತು. ಗೆಳೆಯರಿಂದ 6ನೇ ನಂಬರಿನ ಎರಡು ಕೋಲು ತಂದೆ. ಒಂದು ಫೈಬರ್ ಗ್ಲಾಸಿನದು, ಹಿಡಿಯವರೆಗೂ ಬಾಗುವಂಥದ್ದು. ಇನ್ನೊಂದು ನಡುವಿನಿಂದ ಬಾಗುವ ಗ್ರಾಫೈಟ್. ಸೈಕಲ್ ಟೈರನ್ನು ಗುರಿಯಾಗಿಟ್ಟು, ಒಂದೇ ದಾರದಲ್ಲಿ, ಎಂಟು ಮೀಟರಿಗೆ ಹತ್ತು ಸಲ, ಹನ್ನೆರಡಕ್ಕೆ ಹತ್ತು ಸಲ ಬೀಸಿದೆ. ಫೈಬರ್ ಗ್ಲಾಸ್ ಹತ್ತಿರದ ಗುರಿಗೆ ಬಲು ಮೃದು, ಆದರೆ ಎದುರುಗಾಳಿಯಲ್ಲಿ ಸೋತಿತು. ನನ್ನದು ನಿಧಾನದ ಕೈ. ನಡುವಿನಿಂದ ಬಾಗುವ ಕೋಲಿನಲ್ಲಿ ಹಿಂದಕ್ಕೆ ಬೀಸಿದ ದಾರ ನೆಟ್ಟಗಾದದ್ದು ಅಂಗೈಗೇ ತಿಳಿಯುತ್ತಿತ್ತು. ಅವಸರದಲ್ಲಿ ಮುಂದಕ್ಕೆ ತಂದರೆ ದಾರ ಬಾರುಕೋಲಿನಂತೆ ಚಟೀರ್ ಎನ್ನುತ್ತದೆ, ತುದಿಯ ಹುಳ ಹರಿದು ಹೋಗುತ್ತದೆ. ಆ ಸದ್ದು ಆ ಕೋಲಿನಲ್ಲಿ ನಿಂತುಹೋಯಿತು. ಅಂಥದ್ದನ್ನೇ ಕೊಂಡೆ.

ಹೊಸ ಕೋಲು, ಅದರೊಡನೆ ಕೊಂಡ ಹೊಸ ದಾರ. ಆದರೂ ದೂರದ ಬೀಸಿನಲ್ಲಿ ಕೋಲು ಸೊರಗುತ್ತಿತ್ತು. ದಾರದ ಮೇಲೇ ಅನುಮಾನ ಬಂತು. ಮೊದಲ 30 ಅಡಿಯನ್ನು ಸುರುಳಿ ಸುತ್ತಿ, ಗುರುತು ಹಾಕಿ, ಅಕ್ಕಸಾಲಿಗ ಗೆಳೆಯನ ತಕ್ಕಡಿಯ ತಟ್ಟೆಗೆ ಇಟ್ಟೆ. ಉಳಿದ ದಾರವನ್ನು ಅವನು ಕೈಯಲ್ಲಿ ಎತ್ತಿ ಹಿಡಿದಿದ್ದ. ಹನ್ನೆರಡು ಗ್ರಾಂ! ಡಬ್ಬಿಯ ಮೇಲೆ 6 ಎಂದಿದ್ದರೂ ಅದು 7ರ ತೂಕ. ಬಿರುಸಾದ ಕೋಲುಗಳೂ ಬಾಗಲೆಂದು ಕೆಲವು ದಾರಗಳನ್ನು ಬೇಕೆಂದೇ ಭಾರವಾಗಿ ಮಾಡುತ್ತಾರೆ. ಕೋಲನ್ನು ಬೈಯುವ ಮೊದಲು ದಾರವನ್ನು ತೂಗಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಸರಿಯಾದ ದಾರ ಹಾಕಿದ ದಿನ ಹನ್ನೆರಡು ಮೀಟರಿನ ಟೈರಿನೊಳಗೆ ಉಣ್ಣೆಯ ಎಳೆ ಹತ್ತರಲ್ಲಿ ಆರು ಸಲ ಬಿತ್ತು.

8ರ ಕೋಲನ್ನು ಮಾರಿಲ್ಲ. ಆಷಾಢದ ಗಾಳಿಯಲ್ಲಿ, ದಪ್ಪ ಗರಿಯ ಹುಳ ಕಟ್ಟಿ, ಹದಿನೈದು ಮೀಟರ್ ದಾರ ಹೊರಬಿಟ್ಟಾಗ ಅದೂ ಈಗ ನನ್ನ ಕೈಯಲ್ಲಿ ಬಾಗುತ್ತದೆ.