ಕೌದಿಯ ಹೊಟ್ಟೆ

ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ನೋಡಿದವನು ನಾನು. ಸೂಜಿ ಹಿಡಿದದ್ದು ಅಂಗಿಯ ಗುಂಡಿ ಕಿತ್ತುಹೋದಾಗ ಮಾತ್ರ, ಅದೂ ಹೆಂಡತಿ ತವರಿಗೆ ಹೋಗಿದ್ದರೆ. ಹಾಗಾಗಿ ಅವ್ವನ ಸೀರೆಗಳಿಂದ ಕೌದಿ ಹೊಲಿಯುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನಕ್ಕು ಸುಮ್ಮನಾದರು.

ಅವ್ವ ಹೋಗಿ ವರ್ಷ ತುಂಬಿತ್ತು. ಧಾರವಾಡದ ಮನೆಯ ಅಟ್ಟದ ಮೇಲೆ ಅವಳ ತಗಡಿನ ಟ್ರಂಕು ಹಾಗೆಯೇ ಕುಳಿತಿತ್ತು. ಸಂಕ್ರಾಂತಿ ಮುಗಿದ ವಾರ ಅದನ್ನು ಕೆಳಗಿಳಿಸಿದೆವು. ಒಳ್ಳೆಯ ಸೀರೆಗಳನ್ನು ಅಕ್ಕ ಮತ್ತು ತಂಗಿ ಮೊದಲೇ ಹಂಚಿಕೊಂಡಿದ್ದರು. ಉಳಿದದ್ದು ಅವಳು ದಿನವೂ ಉಟ್ಟು ಸವೆಸಿದ್ದು: ಏಳು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಒಂದಿಷ್ಟು ಕುಪ್ಪಸ, ಅಪ್ಪನ ಎರಡು ಧೋತರ, ನಾಲ್ಕು ಕವಡೆ ಕಟ್ಟಿಟ್ಟಿದ್ದ ಒಂದು ಬಟ್ಟೆಯ ಚೀಲ. ತಳಕ್ಕೆ ಹಾಸಿದ್ದು ಅಂಚೆಲ್ಲ ಹರಿದ ಒಂದು ಹಳೆಯ ಕೌದಿ. ನುಸಿಗುಳಿಗೆಯ ವಾಸನೆಗೆ ಹೆಂಡತಿ ಕಿಟಕಿ ತೆರೆದಳು. ನಾನು ಮಾತ್ರ ಅಲ್ಲೇ ಕುಳಿತೆ.

ನಮ್ಮ ಕಡೆ ಕೌದಿ ಎಂದರೆ ವಿಶೇಷವೇನಲ್ಲ. ಪ್ರತಿ ಮನೆಯಲ್ಲೂ ಇರುತ್ತಿತ್ತು. ಹಳೆಯ ಬಟ್ಟೆ ಕೊಟ್ಟರೆ ಮನೆಯ ಕಟ್ಟೆಯ ಮೇಲೆಯೇ ಕುಳಿತು ಹೊಲಿದುಕೊಡುವ ಹೆಂಗಸರು ಓಣಿಗೆ ಬರುತ್ತಿದ್ದರು. ಈಗ ಕೌದಿಗಳು ಅಂಗಡಿಯ ಗಾಜಿನ ಹಿಂದೆ ನೇತಾಡುತ್ತವೆ. ಬೆಲೆಯ ಬಗ್ಗೆ ನನಗೆ ತಕರಾರಿಲ್ಲ, ಅಷ್ಟು ಕೆಲಸ ಅದರಲ್ಲಿದೆ ಎಂಬುದು ಈಗ ಬೆರಳುಗಳಿಗೂ ಗೊತ್ತು. ತಕರಾರು ಇರುವುದು ಹೊಸ ಬಟ್ಟೆ ಕತ್ತರಿಸಿ ಹೊಲಿದದ್ದನ್ನು ಕೌದಿ ಎನ್ನುವುದಕ್ಕೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಿರುಸು ಇರುತ್ತದೆ. ಇಪ್ಪತ್ತು ವರ್ಷ ಒಗೆಸಿಕೊಂಡ ಸೀರೆಯ ಮೆತುವನ್ನು ಯಾವ ಗಿರಣಿಯೂ ನೇಯ್ದುಕೊಡಲಾರದು.

ಮೊದಲ ಕೆಲಸ ಬೇರ್ಪಡಿಸುವುದು. ಇಳಕಲ್ ಸೀರೆಯನ್ನು ಕತ್ತರಿಸುವವರು ಒಂದು ಮಾತು ತಿಳಿದಿರಬೇಕು. ಅದರ ಒಡಲು, ಸೆರಗು ಎರಡೂ ಒಂದೇ ಹಾಸಿನ, ಎಂದರೆ ಉದ್ದಕ್ಕೆ ಹೋಗುವ ಒಂದೇ ಎಳೆಗಳ ಬಟ್ಟೆಯಲ್ಲ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಅವ್ವನ ದಿನಬಳಕೆಯ ಸೀರೆಗಳಲ್ಲಿ ಒಡಲು ಹತ್ತಿ, ಸೆರಗು ಕೃತಕ ರೇಷ್ಮೆ. ಒಡಲು ಸವೆದು ಹೂವಿನ ಹಾಗಾಗಿತ್ತು. ಟೋಪ ತೆನಿ ಎಂಬ ವಿನ್ಯಾಸದ ಕೆಂಪು ಸೆರಗು ಮಾತ್ರ ನಿನ್ನೆ ಮಗ್ಗದಿಂದ ಇಳಿದಂತೆ ಬಿಗಿಯಾಗಿತ್ತು. ನಾನು ಎಡವಿದ್ದು ಇಲ್ಲಿಯೇ. ಚೆಂದ ಕಂಡಿತೆಂದು ಮೂರು ಸೆರಗುಗಳನ್ನು ಬೇರೆ ಒಗೆಯದೆ ಅಪ್ಪನ ಧೋತರದ ಜೊತೆ ಬಕೆಟ್‌ನಲ್ಲಿ ನೆನೆಸಿದೆ. ಬೆಳಿಗ್ಗೆ ನೋಡಿದರೆ ಧೋತರ ಕುಂಕುಮದ ನೀರಿನಲ್ಲಿ ಅದ್ದಿದ ಹಾಗಿತ್ತು. ಉಪ್ಪು ಹಾಕಿದೆ, ವಿನೆಗರ್ ಹಾಕಿದೆ. ಯಾವುದೂ ಹಿಡಿಯಲಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ, ನೀರು ತಿಳಿಯಾಗುವವರೆಗೆ ಒಗೆಯುತ್ತಲೇ ಇರುವುದೊಂದೇ ದಾರಿ. ನನಗೆ ಒಂಬತ್ತು ಸಲ ಬೇಕಾಯಿತು. ಈಗ ಕೆಂಪು ಬಟ್ಟೆ ಸಿಕ್ಕರೆ ಮೊದಲು ಒಂದು ಮೂಲೆಯನ್ನು ಒದ್ದೆಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡುತ್ತೇನೆ. ಕಲೆ ಬಿದ್ದರೆ ಅದಕ್ಕೆ ಪ್ರತ್ಯೇಕ ಬಕೆಟ್.

ಅಳತೆಯ ಲೆಕ್ಕ ನನಗೆ ಸುಲಭವಾಯಿತು, ಬಹುಶಃ ಈ ಕೆಲಸದಲ್ಲಿ ಸುಲಭವಾದದ್ದು ಅದೊಂದೇ. ಅವ್ವ ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ, ಎಂದರೆ 9 ಗಜ, 27 ಅಡಿ. ಅಗಲ ಮೂರೂಮುಕ್ಕಾಲು ಅಡಿ. ಐದೈದು ಅಡಿಯ ನಾಲ್ಕು ತುಂಡು ಮಾಡಿ, ಎರಡೆರಡನ್ನು ಪಕ್ಕಪಕ್ಕದಲ್ಲಿ ಕೂಡಿಸಿದರೆ ಏಳೂವರೆ ಅಡಿ ಉದ್ದ, ಐದು ಅಡಿ ಅಗಲದ ಎರಡು ಪದರ. ಒಂದೇ ಸೀರೆಯಲ್ಲಿ ಕೌದಿಯ ಅಡಿಪದರ ಪೂರ್ತಿಯಾಯಿತು, ಏಳು ಅಡಿ ಬಟ್ಟೆ ಕೈಯಲ್ಲಿ ಉಳಿಯಿತು. ಇದರ ಮೇಲೆ ತುಂಡುಗಳ ಪದರ.

ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಮೊಬೈಲ್‌ನಲ್ಲಿ ಯಾರದ್ದೋ ವಿಡಿಯೋ ನೋಡಿ, ಮೇಲಿನ ತುಂಡುಗಳನ್ನೆಲ್ಲ ಹೊಲಿಗೆ ಯಂತ್ರದಲ್ಲಿ ಮೊದಲೇ ಜೋಡಿಸಿ ಒಂದು ಹಾಳೆ ಮಾಡಿಕೊಂಡೆ. ಆಮೇಲೆ ಅದನ್ನು ಅಡಿಯ ಮೇಲೆ ಹಾಸಿ, ಕೌದಿಯ ಪದ್ಧತಿಯಂತೆ ಅಂಚಿನಿಂದ ಸುತ್ತ ಹೊಲಿಯುತ್ತ ಒಳಗೆ ಬಂದೆ. ಎರಡು ವಾರ ಕಳೆಯುವುದರಲ್ಲಿ ನಡುವೆ ಬಟ್ಟೆ ಎದ್ದು ನಿಂತಿತು. ಚಿಗವ್ವನನ್ನು ಕರೆತಂದೆ. ಅವ್ವನ ತಂಗಿ, 82 ವರ್ಷ, ಕಣ್ಣು ಮಂಜು, ನಾಲಿಗೆ ಮಂಜಲ್ಲ. ಉಬ್ಬಿನ ಮೇಲೆ ಕೈಯಾಡಿಸಿ, “ತಮ್ಮಾ, ರೊಟ್ಟಿ ಚೆನ್ನಾಗಿ ಉಬ್ಬಿದೆ. ಇನ್ನು ಪಲ್ಯ ಮಾಡು” ಎಂದಳು.

ತುಂಡುಗಳನ್ನು ಮೊದಲೇ ಜೋಡಿಸಬಾರದಂತೆ. ಅಂಚಿನಿಂದ ಹೊಲಿಯುತ್ತ ಹೋದಂತೆ ಒಂದೊಂದೇ ತುಂಡನ್ನು ಅಡಿಯ ಮೇಲಿಟ್ಟು, ಅದರ ಅಂಚನ್ನು ಸೂಜಿಯ ಮೊನೆಯಿಂದಲೇ ಒಳಗೆ ಮಡಚಿ, ಹೊಲಿಗೆಯ ಸಾಲು ಅದರ ಮೇಲೆ ಹಾದುಹೋಗುವಂತೆ ಮಾಡಬೇಕು. ಹೆಚ್ಚಾದ ಬಟ್ಟೆಯನ್ನು ಪ್ರತಿ ಸಾಲಿನಲ್ಲೂ ಅಂಗೈಯಿಂದ ನಡುವಿನ ಕಡೆಗೆ ಸವರುತ್ತ ಬರಬೇಕು. ತುಂಡು ಮೊದಲೇ ಅಂಟಿಕೊಂಡಿಲ್ಲವಾದ್ದರಿಂದ ಜಾಗ ಎಷ್ಟಿದೆಯೋ ಅಷ್ಟಕ್ಕೇ ಮಡಚಿಕೊಳ್ಳುತ್ತದೆ. ಸುಕ್ಕು ಹುಟ್ಟುವುದಕ್ಕೆ ಎಡೆಯೇ ಇಲ್ಲ. ಚೌಕಟ್ಟು, ಪಿನ್ನು, ಅಳತೆಪಟ್ಟಿ ಯಾವುದೂ ಇಲ್ಲದೆ ನೆಲದ ಮೇಲೆ ಕುಳಿತು ಆ ಹೆಂಗಸರು ಹೇಗೆ ಹೊಲಿಯುತ್ತಿದ್ದರು ಎಂಬುದು ನನಗೆ ಆ ದಿನ ಅರ್ಥವಾಯಿತು. ಯಂತ್ರದ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಿದೆ. ಮಾರ್ಚ್ 1ರಂದು ಮತ್ತೆ ಮೊದಲಿನಿಂದ ಶುರು.

ಹೊಲಿಗೆ ಸಾದಾ ಹೊಲಿಗೆಯೇ. ಸೂಜಿ ಮೇಲೆ ಕೆಳಗೆ ಹೋಗುತ್ತದೆ, ಅಷ್ಟೇ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಗಲ, ಸುಮಾರು 2 ಸೆಂಟಿಮೀಟರ್. ಒಂದು ಸಂಜೆ ಸುಮ್ಮನೆ ಲೆಕ್ಕ ಹಾಕಿದೆ. ಇಷ್ಟು ದೊಡ್ಡ ಕೌದಿಗೆ ಒಟ್ಟು ಹೊಲಿಗೆ ಹತ್ತಿರ ಹತ್ತಿರ 170 ಮೀಟರ್ ಆಗುತ್ತದೆ. ದಿನಕ್ಕೆ ಎರಡು ಗಂಟೆ ಕುಳಿತರೆ ನನ್ನ ಕೈಯಲ್ಲಿ ಎರಡೂವರೆ ಮೀಟರ್ ಸಾಗುತ್ತಿತ್ತು. ಅಂದರೆ ಸುಮಾರು ಎಪ್ಪತ್ತು ದಿನ. ಲೆಕ್ಕ ಹಾಕಬಾರದಿತ್ತು ಅನ್ನಿಸಿತು.

ದಾರ ದಪ್ಪ ಹತ್ತಿಯದು, ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಮೊಳಕ್ಕಿಂತ ತುಸು ಹೆಚ್ಚಿನ ದಾರವಷ್ಟೇ ಪೋಣಿಸಬೇಕು. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಮಾರುದ್ದ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಸಂಜೆ ಹೋಗುತ್ತದೆ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿ ಮೊದಲ ದಿನವೇ ಕೊಂಡುಕೊಳ್ಳಿ. ನಾನು ನಾಲ್ಕನೆಯ ದಿನ ಕೊಂಡೆ.

ಮೂಲೆಗಳ ವಿಷಯದಲ್ಲಿ ನಾನು ನಮ್ಮ ಮನೆಯ ಪದ್ಧತಿ ಬಿಟ್ಟೆ. ಕೆಲಸದ ಮೇಲೆ ಮೂರು ವರ್ಷ ಹಳಿಯಾಳದಲ್ಲಿದ್ದಾಗ ಸಿದ್ದಿ ಹೆಂಗಸರು ಹೊಲಿದ ಕೌದಿಗಳನ್ನು ನೋಡಿದ್ದೆ. ಆಫ್ರಿಕಾ ಮೂಲದ ಈ ಜನ ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಅವರ ಕೌದಿಯ ನಾಲ್ಕೂ ಮೂಲೆಗಳಲ್ಲಿ ಚಿಕ್ಕ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನ ಮಾಡಿ ಸೇರಿಸಿರುತ್ತಾರೆ. ಅದಕ್ಕೆ ‘ಫುಲ’ ಎನ್ನುತ್ತಾರೆ, ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಕುಪ್ಪಸದ ಖಣ ನನಗೆ ಇಲ್ಲಿ ಒದಗಿತು. ನನ್ನ ಹೂವುಗಳು ಹೂವಿಗಿಂತ ಸಮೋಸಾಕ್ಕೆ ಹತ್ತಿರ ಎಂದು ಮಗಳು ಫೋನಿನಲ್ಲಿ ಹೇಳಿದಳು. ಇರಲಿ.

ಟ್ರಂಕಿನ ತಳದ ಹಳೆಯ ಕೌದಿಯನ್ನು ಏನು ಮಾಡುವುದೆಂದು ತಿಳಿದಿರಲಿಲ್ಲ. ಹಳೆಯ ಕೌದಿಯನ್ನು ಎಸೆಯುವುದಿಲ್ಲ, ಹೊಸದರ ಒಳಗೆ ಹಾಕಿ ಹೊಲಿಯುತ್ತಾರೆ. ನನ್ನದು ಆಗಲೇ ಸಾಕಷ್ಟು ದಪ್ಪವಿತ್ತು. ಗಟ್ಟಿಯಿರುವ ಭಾಗವೇನಾದರೂ ಸಿಗುತ್ತದೆಯೋ ನೋಡೋಣವೆಂದು ಒಂದು ಬದಿ ಬಿಚ್ಚಿದೆ. ಮೇಲೆ ಅವ್ವನ ಸೀರೆ, ಅದರ ಕೆಳಗೆ ಆಯಿಯ, ಎಂದರೆ ಅಜ್ಜಿಯ ಸೀರೆ ಇರಬಹುದಾದ ನೀಲಿ ಬಟ್ಟೆ, ಅದರ ಕೆಳಗೆ ಒರಟು ಬಿಳಿ ಬಟ್ಟೆ. ಬಿಳಿ ಬಟ್ಟೆಯ ಮೇಲೆ ಮಸುಕಾದ ಮುದ್ರೆ: ಎರಡು ಕೈಗಳು ಒಂದನ್ನೊಂದು ಕುಲುಕುತ್ತಿವೆ, ಕೆಳಗೆ ‘ಯುಎಸ್‌ಎ’ ಎಂಬ ಅಕ್ಷರಗಳು, ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ ಎಂಬ ಇಂಗ್ಲಿಷ್ ಸಾಲಿನ ಅರ್ಧ.

ಅರವತ್ತರ ದಶಕದಲ್ಲಿ ಪ್ರಾಥಮಿಕ ಶಾಲೆಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಅಮೆರಿಕದಿಂದ ಬಂದ ಗೋವಿನಜೋಳದ ಹಳದಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ ಕಲಸಿದ ಹಾಲು. ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತವರಲ್ಲಿ ನಾನೂ ಒಬ್ಬ. ಆ ಧಾನ್ಯ ಬರುತ್ತಿದ್ದದ್ದು ಇಂಥ ಚೀಲಗಳಲ್ಲಿ. ಖಾಲಿಯಾದ ಚೀಲಗಳು ನಮ್ಮ ಓಣಿಯಲ್ಲಿ ಚಡ್ಡಿಗಳಾಗಿ ಮರುಹುಟ್ಟು ಪಡೆಯುತ್ತಿದ್ದವು. ಇಂಗ್ಲಿಷ್ ಅಕ್ಷರಗಳನ್ನು ನಾನು ಮೊದಲು ಓದಿದ್ದು ಪುಸ್ತಕದಲ್ಲಿ ಅಲ್ಲ, ಮುಂದೆ ನಡೆಯುತ್ತಿದ್ದ ಹುಡುಗನ ಹಿಂಭಾಗದಲ್ಲಿ. ಅವ್ವನಿಗೆ ಚೀಲ ಎಲ್ಲಿಂದ ಸಿಕ್ಕಿತೆಂದು ಚಿಗವ್ವನನ್ನು ಕೇಳಿದೆ. ಶಾಲೆಯಲ್ಲಿ ಉಪ್ಪಿಟ್ಟು ಬೇಯಿಸುತ್ತಿದ್ದವಳು ಒಂದು ಸೇರು ಶೇಂಗಾಕ್ಕೆ ಕೊಟ್ಟಳು ಎಂದಳು ಚಿಗವ್ವ. ವಿನಿಮಯ ಮಾಡುವಂತಿಲ್ಲ ಎಂಬುದನ್ನು ಇಬ್ಬರಿಗೂ ಓದಲು ಬರುತ್ತಿರಲಿಲ್ಲ.

ಒಂದೂವರೆ ಅಡಿಯ ಆ ತುಂಡನ್ನು ಕತ್ತರಿಸಿ ಬೇರೆ ಇಟ್ಟೆ.

ಮೇ ಎರಡನೆಯ ವಾರ ಮಗಳು ಮಕ್ಕಳೊಂದಿಗೆ ರಜೆಗೆ ಬಂದಾಗ ಕೌದಿಯ ನಡುವೆ ಒಂದು ಗೇಣಿನಷ್ಟು ಜಾಗ ಮಾತ್ರ ತೆರೆದಿತ್ತು. ಇದು ಕೌದಿಯ ಹೊಟ್ಟೆ. ಅದನ್ನು ಖಾಲಿ ಮುಚ್ಚಬಾರದು ಎಂದಳು ಚಿಗವ್ವ, ಹಸಿದ ಕೌದಿಯ ಮೇಲೆ ಮಲಗಿದವರಿಗೆ ನಿದ್ದೆ ಬರುವುದಿಲ್ಲವಂತೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಆದರೂ ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಅಕ್ಕಿ ತಂದೆ. ಮೊಮ್ಮಗಳು ರೊಟ್ಟಿಯ ಚೂರು ಹಾಕಿದಳು. ಇರುವೆ ಬರುತ್ತದೆಂದು ಹೆಂಡತಿ ಅದನ್ನು ತೆಗೆಸಿದಳು. ಆರು ವರ್ಷದ ಮೊಮ್ಮಗ ತಾನೂ ಹಾಕುತ್ತೇನೆಂದು ಕೈ ತೂರಿಸಿದ, ಏನು ಹಾಕಿದನೆಂದು ಯಾರೂ ನೋಡಲಿಲ್ಲ. ಕೊನೆಯ ತುಂಡು ಅವ್ವನ ಹಸಿರು ಸೀರೆಯದು. ಹೊಲಿದು ಮುಗಿಸಿ ಒಳಗೆ ಹೋಗಿ ಚಹಾ ಕುಡಿದೆ. ಯಾಕೋ ಯಾರೊಂದಿಗೂ ಮಾತಾಡುವುದು ಬೇಡವೆನ್ನಿಸಿತ್ತು.

ಎತ್ತಿಟ್ಟ ಚೀಲದ ತುಂಡು ಮಕ್ಕಳಿಗೆ ಕವಡೆಯಾಟದ ಹಾಸಾಯಿತು. ಎರಡೂಮುಕ್ಕಾಲು ಅಂಗುಲದ ಮನೆಗಳು, ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಗೆರೆಗಳಿಗೆ ಅದೇ ದಪ್ಪ ದಾರ. ನಾಲ್ಕು ಬದಿಯ ನಡುಮನೆಗಳಿಗೆ ಕಟ್ಟೆಯ, ಎಂದರೆ ಕಾಯನ್ನು ಕಡಿಯುವಂತಿಲ್ಲದ ಮನೆಯ ಗುರುತಾಗಿ ಕಸೂತಿಯ ಮೆಂತಿ ಹೊಲಿಗೆಯಲ್ಲಿ ಗುಣಿಸು ಹಾಕಿದೆ. ಮೆಂತಿ ಕಸೂತಿಯಲ್ಲಿ ತೀರ ಸರಳವಾದದ್ದು. ಗಂಟು ಹಾಕದೆ ಹೊಲಿಯಬೇಕೆಂಬ ಅದರ ನಿಯಮ ಮಾತ್ರ ನನ್ನಿಂದಾಗಲಿಲ್ಲ, ಹಿಂದೆ ತಿರುಗಿಸಿ ನೋಡಬೇಡಿ. ಕತ್ತರಿಸುವಾಗಲೇ ಅಳೆದಿದ್ದರಿಂದ ಕಾಯಿಗಳು ಕೊನೆಗೆ ಸೇರುವ ನಟ್ಟನಡುವಿನ ಹಣ್ಣಿನ ಮನೆಯಲ್ಲಿ ಕೈಕುಲುಕುವ ಮುದ್ರೆ ಬಂದು ಕುಳಿತಿತು.

ಈ ಆಟವನ್ನು ನಾನು ಕಟ್ಟೆಮನೆ ಎನ್ನುತ್ತೇನೆ, ಮೈಸೂರಿನವಳಾದ ನನ್ನ ಹೆಂಡತಿ ಚೌಕಾಬಾರ ಎನ್ನುತ್ತಾಳೆ. ಹೆಸರಿಗೆ ಜಗಳವಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ ಎಂಬುದು ಮೂವತ್ತು ವರ್ಷದ ಜಗಳ. ಹೋಗಬಹುದು ಎಂದು ನಾನು. “ಮುಮ್ಮಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಹಾಸುಗಳನ್ನೇ ಬರೆಸಿದ್ದಾರೆ. ಆ ಊರಿನವಳಿಗೆ ನೀವು ನಿಯಮ ಹೇಳಿಕೊಡುತ್ತೀರಾ?” ಎಂದು ಅವಳು. ಮಕ್ಕಳು ಅವಳ ಪಕ್ಷ ಸೇರಿದರು, ಕಡಿಯುವುದೆಂದರೆ ಅವಕ್ಕೆ ಹಬ್ಬ.

ಆಡಲು ಕುಳಿತು ಬಟ್ಟೆಯ ಚೀಲ ಸುರಿದರೆ ಕವಡೆ ಮೂರೇ ಇದ್ದವು. ಟ್ರಂಕು, ಹೊಲಿಗೆಯ ಡಬ್ಬಿ, ಮಂಚದ ಕೆಳಗೆ ಎಲ್ಲ ಹುಡುಕಿದೆವು. ಮೊಮ್ಮಗ ಎಲ್ಲರಿಗಿಂತ ಹೆಚ್ಚು ಉತ್ಸಾಹದಿಂದ ಹುಡುಕಿದ. ಕೊನೆಗೆ ಎರಡು ಹುಣಸೆ ಬೀಜವನ್ನು ಇಬ್ಭಾಗ ಮಾಡಿ, ಒಳಮೈ ಬಿಳಿಯಾಗುವಂತೆ ಕಲ್ಲಿಗೆ ತಿಕ್ಕಿದೆ. ನಾಲ್ಕು ಹೋಳು, ನಾಲ್ಕು ಕವಡೆಯ ಕೆಲಸ ಮಾಡುತ್ತವೆ. ನಾಲ್ಕೂ ಬಿಳಿ ಮೇಲಾದರೆ ನಾಲ್ಕು, ನಾಲ್ಕೂ ಮಗುಚಿದರೆ ಎಂಟು. ಎರಡಕ್ಕೂ ಇನ್ನೊಂದು ಆಟ.

ಆ ರಾತ್ರಿ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ ಮೊಮ್ಮಕ್ಕಳ ಜೊತೆ ನಾನೂ ಮಲಗಿದೆ. ಧೋತರದ ಗುಲಾಬಿ ಕಲೆಯಿದ್ದ ಬದಿ ತನ್ನದೆಂದು ಮೊಮ್ಮಗಳು ಹಿಡಿದುಕೊಂಡಳು. ನಡುವೆ ನಾನು. ಮಗ್ಗುಲು ಬದಲಿಸಿದಾಗ ಬೆನ್ನಿಗೆ ಏನೋ ಗಟ್ಟಿಯಾಗಿ ಒತ್ತಿತು. ಹಸಿರು ತುಂಡಿನ ಮೇಲೆ ಕೈಯಿಟ್ಟು ನೋಡಿದೆ: ಒಂದು ಬದಿ ಉಬ್ಬು, ಇನ್ನೊಂದು ಬದಿ ಸೀಳು. ಪಕ್ಕದಲ್ಲಿ ಮೊಮ್ಮಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಗಾಢನಿದ್ದೆಯ ಉಸಿರು ಬಿಡುತ್ತಿದ್ದ. ನಾನು ಅರ್ಧ ಅಡಿ ಆಚೆಗೆ ಸರಿದು ಮಲಗಿದೆ.