ವೀಣೆಯ ನಾದದ ಕೊನೆಯಲ್ಲಿ ಕೇಳಿಸುತ್ತಿದ್ದ ‘ಟಕ್’ ಸದ್ದು

ಕಂಪ್ಯೂಟರಿನಲ್ಲೇ ನಾದವನ್ನು ಸೃಷ್ಟಿಸುವ ಸಾಫ್ಟ್‌ವೇರ್ ಸಿಂಥಸೈಜರಿನಲ್ಲಿ ವೀಣೆಯ ಮೀಟನ್ನು ಹೋಲುವ ನಾದವೊಂದನ್ನು ರೂಪಿಸುತ್ತಿದ್ದಾಗ, ಪ್ರತಿ ಸ್ವರದ ಕೊನೆಯಲ್ಲಿ ‘ಟಕ್’ ಎಂಬ ಸಣ್ಣ ಸದ್ದು ಕೇಳಿಸುತ್ತಿತ್ತು. ಆಡಿಯೊ ಬಫರ್ (ಧ್ವನಿಯ ದತ್ತಾಂಶವನ್ನು ಕೇಳಿಸುವ ಮುನ್ನ ಕೂಡಿಡುವ ತಾತ್ಕಾಲಿಕ ಜಾಗ) ಸಾಲದೆ ಹೀಗಾಗುತ್ತಿದೆಯೆಂದು ಭಾವಿಸಿ ಅದನ್ನು 128ರಿಂದ 512 ಸ್ಯಾಂಪಲ್‌ಗೆ ಏರಿಸಿದರೂ ಫಲ ಸಿಗಲಿಲ್ಲ. ರೆಕಾರ್ಡ್ ಮಾಡಿದ ಧ್ವನಿಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಕಾರಣ ಕಣ್ಣಿಗೇ ಬಿತ್ತು: ಕೀಲಿಯಿಂದ ಬೆರಳೆತ್ತಿದೊಡನೆ ಅಲೆಯು ಸೊನ್ನೆಯ ಗೆರೆಗೆ ಇಳಿಯದೆ, ನಡುವೆಯೇ ಕತ್ತರಿಸಿದಂತೆ ನಿಂತುಹೋಗಿತ್ತು.

ಧ್ವನಿಮಟ್ಟದ ಎನ್ವಲಪ್‌ನಲ್ಲಿ, ಅಂದರೆ ಸ್ವರದ ಏರಿಳಿತವನ್ನು ಕಾಲಕ್ರಮದಲ್ಲಿ ನಿರ್ಧರಿಸುವ ಹೊಂದಿಕೆಯಲ್ಲಿ, ರಿಲೀಸ್ ಅವಧಿಯನ್ನು (ಕೀಲಿ ಬಿಟ್ಟ ಮೇಲೆ ನಾದ ಅಡಗಲು ಹಿಡಿಯುವ ಸಮಯ) ನಾನು ಸೊನ್ನೆಗೆ ಇಟ್ಟಿದ್ದೆ. ಅದನ್ನು 80 ಮಿಲಿಸೆಕೆಂಡಿಗೆ ಏರಿಸಿದೊಡನೆ ಸದ್ದು ಮಾಯವಾಯಿತು. ಮೀಟಿದ ತಂತಿಯ ನಾದ ತಾನಾಗಿಯೇ ಕ್ಷೀಣಿಸುವುದರಿಂದ ಸಸ್ಟೇನ್ ಮಟ್ಟವನ್ನು (ಕೀಲಿ ಒತ್ತಿಹಿಡಿದಷ್ಟು ಹೊತ್ತು ನಿಲ್ಲುವ ಮಟ್ಟ) ಸೊನ್ನೆಯಲ್ಲೇ ಉಳಿಸಿ, ಆ ಮಟ್ಟಕ್ಕೆ ಇಳಿಯಲು ಹಿಡಿಯುವ ಡಿಕೇ ಅವಧಿಯನ್ನು 3 ಸೆಕೆಂಡಿಗೆ ಹೆಚ್ಚಿಸಿದೆ. ಆದರೂ ನಾದದಲ್ಲಿ ಜೀವವಿರಲಿಲ್ಲ. ಏಕೆಂದರೆ ನಿಜವಾದ ತಂತಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು (ಮೂಲಸ್ವರದ ಜೊತೆ ಕೇಳಿಸುವ ಹೆಚ್ಚಿನ ಆವರ್ತನದ ಸ್ವರಗಳು) ಸಾಮಾನ್ಯವಾಗಿ ಮೂಲಸ್ವರಕ್ಕಿಂತ ಬೇಗ ಅಡಗುತ್ತವೆ. ಅದಕ್ಕಾಗಿ ಎರಡನೆಯ ಎನ್ವಲಪನ್ನು ಹೆಚ್ಚಿನ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರಿನ ಕಟಾಫ್‌ಗೆ (ಆ ತಡೆ ಶುರುವಾಗುವ ಮಿತಿಗೆ) ಜೋಡಿಸಿ, ಅದರ ಡಿಕೇ ಅವಧಿಯನ್ನು 400 ಮಿಲಿಸೆಕೆಂಡಿಗೆ ಇಳಿಸಿದೆ. ಮೊದಲ ಕ್ಷಣದ ಹೊಳಪು ಕರಗಿ ನಾದ ದುಂಡಗಾಗುತ್ತಾ ಹೋಗುವುದನ್ನು ಕೇಳಿದಾಗ ನನಗಾದ ಸಂತೋಷ ಸಣ್ಣದಲ್ಲ.

ಉಳಿದದ್ದು ಗಮಕ. ವೈಣಿಕರು ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಹಲವು ಸ್ವರಗಳನ್ನು ನುಡಿಸುತ್ತಾರೆ. ನನ್ನ ಸಿಂಥಿನಲ್ಲಾದರೋ ಪ್ರತಿ ಸ್ವರಕ್ಕೂ ಎನ್ವಲಪ್ ಮೊದಲಿನಿಂದ ಆರಂಭವಾಗಿ ಹೊಸ ಮೀಟು ಕೇಳಿಸುತ್ತಿತ್ತು. ಒಮ್ಮೆಗೆ ಒಂದೇ ಸ್ವರವನ್ನು ಕಡಿಯದೆ ಮುಂದುವರಿಸುವ ಮೋನೊ ಲೆಗಾಟೊ ಕ್ರಮಕ್ಕೆ ಬದಲಿಸಿ, ಗ್ಲೈಡನ್ನು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಹಿಡಿಯುವ ಸಮಯ) 60 ಮಿಲಿಸೆಕೆಂಡಿಗೆ ಇಟ್ಟ ಮೇಲೆ, ಮೊದಲ ಕೀಲಿಯನ್ನು ಬಿಡದೆ ಮುಂದಿನದನ್ನು ಒತ್ತಿದರೆ ಎನ್ವಲಪ್ ಮರುಕಳಿಸದೆ ಅದೇ ನಾದ ಜಾರಿ ಮುಂದುವರಿಯುತ್ತದೆ.