ಪುಟ್ಟ ಚಾಕಲೇಟ್ ಕಪ್‌ಕೇಕ್ ಒಳಗೆ ಕ್ರೀಮ್ ನಿಲ್ಲಬೇಕಾದರೆ

ಹೋದ ಮಳೆಗಾಲದಲ್ಲಿ ನಮ್ಮ ನಾದಿನಿ ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಬರುವಾಗ ಸ್ಟೀಲ್ ಡಬ್ಬಿ ತುಂಬ ಕಪ್‌ಕೇಕ್ ಮಾಡಿಕೊಂಡು ಬಂದಿದ್ದಳು. ನೋಡೋಕೆ ಚೆಂದವೇ ಇತ್ತು. ಕಚ್ಚಿದರೆ ಒಳಗೆ ಬರೀ ಗುಳಿ! ಕ್ರೀಮೆಲ್ಲ ಕರಗಿ ಕೇಕಿಗೆ ಇಳಿದು ತಳದ ಕಾಗದ ಒದ್ದೆಯಾಗಿ ಕೈಗೆ ಅಂಟುತ್ತಿತ್ತು. "ಅತ್ತಿಗೆ, ಕ್ರೀಮ್ ಹಾಕಿದ್ದು ನಿಜ, ದೇವರಾಣೆಗೂ" ಅಂದಳು. ಹಾಕಿದ್ದು ನಿಜ. ಬಿಸಿ ಕೇಕಿಗೆ ಹಾಕಿದ್ದೂ ನಿಜ.

ಹಿಟ್ಟು ಕಲಸೋದಕ್ಕೆ ಎಲ್ಲರೂ ಹೆದರುತ್ತಾರೆ. ಅದೇ ಇದರಲ್ಲಿ ಸುಲಭದ ಕೆಲಸ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, 3 ದೊಡ್ಡ ಚಮಚ ಕೋಕೋ ಪುಡಿ, 1 ಚಿಕ್ಕ ಚಮಚ ಅಡುಗೆ ಸೋಡಾ, ಅರ್ಧ ಚಿಕ್ಕ ಚಮಚ ಉಪ್ಪು ಜರಡಿ ಹಿಡಿಯಿರಿ. ನಮ್ಮ ಅಂಗಡಿ ಸಕ್ಕರೆ ದಪ್ಪ, ಅದಕ್ಕೇ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಕೊಳ್ಳಿ. ಇದಕ್ಕೆ 1 ಕಪ್ ನೀರು, 6 ದೊಡ್ಡ ಚಮಚ ಎಣ್ಣೆ, 1 ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸ, ಸ್ವಲ್ಪ ವೆನಿಲಾ. ಮೊಟ್ಟೆ ಬೇಡ, ಬೆಣ್ಣೆ ಬೇಡ, ಬೀಟರೂ ಬೇಡ. ನಾನು ನೀರಿನಲ್ಲಿ ಕಾಲು ಕಪ್ ಕಡಿಮೆ ಮಾಡಿ ಅಷ್ಟು ಕಾಫಿ ಡಿಕಾಕ್ಷನ್ ಹಾಕುತ್ತೇನೆ. ಕಾಫಿ ರುಚಿ ಮುಂದೆ ಬರುವುದಿಲ್ಲ, ಚಾಕಲೇಟ್ ಮಾತ್ರ ಗಾಢವಾಗುತ್ತದೆ. ಪ್ಯಾಕೆಟ್ ಪ್ರೀಮಿಕ್ಸ್ ತಂದರೂ ನಡೆಯುತ್ತದೆ, ಬೇಜಾರಿಲ್ಲ. ಆದರೆ ಕೋಕೋ ಬದಲು ಮಕ್ಕಳ ಹಾಲಿಗೆ ಹಾಕುವ ಚಾಕಲೇಟ್ ಪುಡಿ ಹಾಕಬೇಡಿ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಲಾಕ್‌ಡೌನ್ ಕಾಲದಲ್ಲಿ ಮನೆಮನೆಯಲ್ಲೂ ಆಗುತ್ತಿತ್ತಲ್ಲ ಬಿಸ್ಕತ್ತು ಪುಡಿಯ ಕೇಕ್, ಅದೂ ಬೇಡ. ತಿನ್ನೋಕೆ ಪರವಾಗಿಲ್ಲ, ಕ್ರೀಮ್ ತುಂಬಲು ಚುಚ್ಚಿದ ಕೂಡಲೇ ಉದುರಿ ಪುಡಿಯಾಗುತ್ತದೆ.

ಓಟಿಜಿ (ಕರೆಂಟಿನ ಪುಟ್ಟ ಓವನ್) ಮತ್ತು ಪುಟ್ಟ ಕಪ್‌ಕೇಕಿನ ಗುಂಡಿಗಳಿರುವ ಮಿನಿ ತಟ್ಟೆ ಇದ್ದರೆ ಗುಂಡಿಯ ಮುಕ್ಕಾಲು ತುಂಬಿ, 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಬೇಯಿಸಿದರೆ ಮುಗಿಯಿತು. ಇಲ್ಲದವರು ಹೊಸದಾಗಿ ಏನೂ ಕೊಳ್ಳಬೇಡಿ. ಪಡ್ಡಿನ ಕಾವಲಿ ಇದೆಯಲ್ವಾ? ಗುಂಡಿಗೆ ತುಪ್ಪ ಸವರಿ, ಮುಕ್ಕಾಲು ಹಿಟ್ಟು ಬಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ, ಮಗುಚಿ ಇನ್ನೆರಡು ನಿಮಿಷ. ನಾನ್‌ಸ್ಟಿಕ್ ಕಾವಲಿಯೇ ಆಗಬೇಕು. ಕಬ್ಬಿಣದ್ದರಲ್ಲಿ ಒಮ್ಮೆ ಮಾಡಿದೆ, ಚಾಕಲೇಟ್ ಕೇಕಿಗೆ ಹಿಂದಿನ ವಾರದ ಪಡ್ಡಿನ ಈರುಳ್ಳಿ ವಾಸನೆ ಬಂತು. ಇನ್ನೊಂದು ಮಾತು. ಸೋಡಾ ಮತ್ತು ಹುಳಿ ಸೇರಿದ ಕ್ಷಣದಿಂದ ಗುಳ್ಳೆ ಏಳೋಕೆ ಶುರು, ಆ ಶಕ್ತಿ ಬೇಗ ಕರಗುತ್ತದೆ. ಕಾವಲಿಯಲ್ಲಿ ಒಂದು ಸಲಕ್ಕೆ ಏಳೋ ಹನ್ನೆರಡೋ ಮಾತ್ರ ಆಗುವುದರಿಂದ, ಒಣ ಪುಡಿಯನ್ನು ಪಾಲು ಮಾಡಿಟ್ಟುಕೊಂಡು ಬೇಕಾದಷ್ಟಕ್ಕೇ ನೀರು, ಎಣ್ಣೆ, ಹುಳಿ ಸೇರಿಸಿ. ಇಲ್ಲದಿದ್ದರೆ ಮೂರನೇ ಸಲದ ಕೇಕ್ ಗೋಲಿ ಆಗುತ್ತದೆ.

ಈಗ ಕ್ರೀಮು. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯಲ್ಲಿ ಫ್ರೆಶ್ ಕ್ರೀಮ್ ಅಂತ ಸಿಗುವ ಸಣ್ಣ ಪೊಟ್ಟಣ ತಂದು ಅರ್ಧ ಗಂಟೆ ಬೀಟ್ ಮಾಡಿ ಕೈಸೋತವರು ಎಷ್ಟು ಮಂದಿಯೋ. ಪೊಟ್ಟಣ ತಿರುಗಿಸಿ ನೋಡಿ, ಸಾಮಾನ್ಯವಾಗಿ ಕೊಬ್ಬು ಶೇ 25ರ ಹತ್ತಿರ ಇರುತ್ತದೆ. ಗಾಳಿ ಹಿಡಿದು ನಿಲ್ಲೋಕೆ ಶೇ 30 ದಾಟಬೇಕು. ಅದು ಪಲ್ಯದ ಗ್ರೇವಿಗೆ ಸರಿ, ಇದಕ್ಕಲ್ಲ. ದಿನಾ ಕೂಡಿಟ್ಟ ಮನೆ ಕೆನೆಯೂ ಬೇಡ, ಅದು ಹುಳಿ ಬಂದಿರುತ್ತದೆ, ಕಡೆದರೆ ಬೆಣ್ಣೆ ಬರುತ್ತದೆ. ಕೇಕ್ ಸಾಮಾನಿನ ಅಂಗಡಿಯಲ್ಲಿ ವಿಪ್ಪಿಂಗ್ ಕ್ರೀಮ್ ಅಂತಲೇ ಕೇಳಿ. ಗಟ್ಟಿ ಹೆಪ್ಪುಗಟ್ಟಿದ್ದು ಕೊಡುತ್ತಾರೆ. ಅದನ್ನು ಹೊರಗಿಟ್ಟು ಕರಗಿಸಬೇಡಿ, ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಬೆಳಿಗ್ಗೆ ಪಾತ್ರೆ, ಬೀಟರ್ ಕಡ್ಡಿ ಎರಡನ್ನೂ ಕಾಲು ಗಂಟೆ ಫ್ರೀಜರಿನಲ್ಲಿಟ್ಟು ಆಮೇಲೆ ಶುರುಮಾಡಿ. ಕಡ್ಡಿ ಎತ್ತಿದಾಗ ಕ್ರೀಮ್ ಗಿಣಿ ಕೊಕ್ಕಿನ ಹಾಗೆ ನಿಂತು ತುದಿ ಮಾತ್ರ ಬಾಗಬೇಕು. ಆಗ ನಿಲ್ಲಿಸಿ. ಇನ್ನೊಂದು ನಿಮಿಷ ಅಂತ ಹೋದರೆ ತರಿತರಿಯಾಗುತ್ತದೆ.

ಮಳೆ ಬಂತು, ಕರೆಂಟ್ ಹೋಯಿತು ಅಂದರೆ? ನಮ್ಮ ಕಡೆ ಅದು ಯಾವಾಗಲೂ ಇದ್ದದ್ದೇ. 100 ಗ್ರಾಂ ಉಪ್ಪಿಲ್ಲದ ಮೆತ್ತನೆ ಬೆಣ್ಣೆಗೆ 150 ಗ್ರಾಂ ಐಸಿಂಗ್ ಸಕ್ಕರೆ ಹಾಕಿ ಸೌಟಿನಲ್ಲೇ ಬೆಳ್ಳಗಾಗುವ ತನಕ ತಿಕ್ಕಿ. ಬಸ್ಸಿನಲ್ಲಿ ಡಬ್ಬಿ ಒಯ್ಯುವುದಾದರೆ ಇದೇ ಸರಿ, ವಿಪ್ಪಿಂಗ್ ಕ್ರೀಮಿನ ಸುದ್ದಿಗೇ ಹೋಗಬೇಡಿ.

ತುಂಬುವ ಮುಂಚೆ ಕೇಕ್ ಪೂರ್ತಿ ಆರಬೇಕು. ಮೇಲ್ಭಾಗ ಮುಟ್ಟಿ ನೋಡಿ ಮೋಸ ಹೋಗಬೇಡಿ, ತಳವನ್ನು ಕೆನ್ನೆಗೆ ಒತ್ತಿ ನೋಡಿ. ಬೆಚ್ಚಗಿದ್ದರೆ ಇನ್ನೂ ಕಾಯಿರಿ. ಜಾಲರಿ ಮೇಲೆ ಮುಕ್ಕಾಲು ಗಂಟೆ ಬೇಕು. ಇರುವೆ ಭಯಕ್ಕೆ ಪಾತ್ರೆ ಮುಚ್ಚಬೇಡಿ, ಬೆವರುತ್ತದೆ.

ಪೈಪಿಂಗ್ ಚೀಲ ಬೇಡ. ಹಾಲಿನ ಖಾಲಿ ಪ್ಯಾಕೆಟ್ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಒರೆಸಿ, ಕ್ರೀಮ್ ತುಂಬಿ, ಮೆಹೆಂದಿ ಕೋನ್ ಥರ ಸುತ್ತಿ, ಮೂಲೆಯನ್ನು ಕಾಲು ಇಂಚಿನಷ್ಟು ಕತ್ತರಿಸಿ. ಎಳನೀರಿಗೆ ಕೊಡುವ ದಪ್ಪ ಸ್ಟ್ರಾವನ್ನು ಕೇಕಿನ ನೆತ್ತಿಗೆ ಅರ್ಧದವರೆಗೆ ಇಳಿಸಿ, ಸ್ವಲ್ಪ ತಿರುವಿ, ಎಳೆಯಿರಿ. ತಿರುಳು ಸ್ಟ್ರಾ ಜೊತೆ ಬರುತ್ತದೆ. ತಳದವರೆಗೆ ಹೋದರೆ ಕೆಳಗಿಂದ ಸೋರುತ್ತದೆ. ಪ್ಯಾಕೆಟ್ ಮೂತಿ ತೂತಿನೊಳಗೆ ಇಟ್ಟು, ನಿಧಾನ ಒತ್ತುತ್ತಾ ಮೇಲಕ್ಕೆ ತನ್ನಿ. ನೆತ್ತಿ ಒಂದೆಳೆ ಉಬ್ಬಿತು ಅಂತ ಬೆರಳಿಗೆ ಗೊತ್ತಾಗುತ್ತದೆ, ಆಗ ಸಾಕು. ಒಂದಕ್ಕೆ ಒಂದು ಚಿಕ್ಕ ಚಮಚದಷ್ಟೇ ಹಿಡಿಸುವುದು. ಆಸೆಗೆ ಒತ್ತಿದರೆ ಪಕ್ಕ ಸೀಳುತ್ತದೆ.

ತೂತು ಮುಚ್ಚಲು ಚಾಕಲೇಟ್ ಕರಗಿಸಿ ಒಂದು ಹನಿ ಬಿಡಿ. ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಎಣ್ಣೆಯ ಕೇಕ್ ಆದ್ದರಿಂದ ತಣ್ಣಗಿದ್ದರೂ ಗಟ್ಟಿಯಾಗುವುದಿಲ್ಲ. ಸ್ಟ್ರಾದಲ್ಲಿ ಬಂದ ತಿರುಳು ಒಂದು ಬಟ್ಟಲಾಗುತ್ತದೆ, ಅದು ಮಾಡಿದವರಿಗೆ.